ಜೀಪ್ ಹತ್ತೋ ಮೊದಲು ಅರ್ಧ ಗಂಟೆ

ಬೆಳಗಾವಿಯಿಂದ ಖಾನಾಪುರ, ದಾಂಡೇಲಿ ಕಡೆಯ ಕಾಡಿಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಗೈಡ್ ಅನ್ನಿ, ನ್ಯಾಚುರಲಿಸ್ಟ್ ಅನ್ನಿ, ನಿಮ್ಮಿಷ್ಟ. ನಮ್ಮ ಅಜ್ಜಿ ಮಾತ್ರ ಕೇಳಿದವರಿಗೆಲ್ಲ "ಅಂವ ಹುಲಿ ತೋರಸ್ತಾನ" ಅಂತ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ನಾನು ಹುಲಿ ತೋರಿಸಿದ್ದು ಬಹಳ ಕಡಿಮೆ.

ಗೇಟಿನ ಹತ್ತಿರ ಇಳಿದ ಕೂಡಲೇ ಜನ ಎರಡೇ ಪ್ರಶ್ನೆ ಕೇಳುತ್ತಾರೆ. "ಹುಲಿ ಕಾಣ್ತದೇನ್ರಿ?" ಮತ್ತೆ "ಟಾಯ್ಲೆಟ್ ಎಲ್ಲೈತ್ರಿ?" ಎರಡನೆಯದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರವಿದೆ, ಮೊದಲು ಅಲ್ಲಿಗೇ ಹೋಗಿ ಬನ್ನಿ ಅಂತಲೇ ಹೇಳುತ್ತೇನೆ, ಯಾಕೆಂದರೆ ಸಫಾರಿ ಶುರುವಾದ ಮೇಲೆ ಜೀಪಿನಿಂದ ಇಳಿಯುವ ಹಾಗಿಲ್ಲ. ಅದರ ಪಕ್ಕದಲ್ಲೇ ಸಾಮಾನ್ಯವಾಗಿ ಇನ್ನೊಂದು ಕಟ್ಟಡ ಇರುತ್ತದೆ. ಮೇಲೆ "ಪ್ರಕೃತಿ ವ್ಯಾಖ್ಯಾನ ಕೇಂದ್ರ" ಅಂತ ಬೋರ್ಡು. ವ್ಯಾಖ್ಯಾನ ಅನ್ನೋ ಪದ ನೋಡಿಯೇ ಅರ್ಧ ಜನ ಓಡಿಹೋಗುತ್ತಾರೆ, ಒಳಗೆ ಯಾರೋ ಭಾಷಣ ಮಾಡ್ತಾರೆ ಅಂದುಕೊಂಡು. ಸುಮ್ನೆ ಮಾಹಿತಿ ಕೇಂದ್ರ ಅಂತ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತೋ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನ ಅನ್ನುವಂಥದ್ದು ಒಂದೂ ಇಲ್ಲ. ರಾಜ್ಯದಲ್ಲಿ ಇರುವುದೇ ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ನಮಗೆ ಹತ್ತಿರದ್ದು ಅಣಶಿ. ಅದು ಮತ್ತು ದಾಂಡೇಲಿ ವನ್ಯಧಾಮ ಸೇರಿ 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು ಬಂತು. ದಾಂಡೇಲಿ ಹತ್ತಿರದ ಕುಳಗಿಯಲ್ಲಿ ಇಂಥದ್ದೊಂದು ಕೇಂದ್ರವಿದೆ. ನಮ್ಮ ಭೀಮಗಡ, ಘಟಪ್ರಭಾ, ಯಡಹಳ್ಳಿ ಇವೆಲ್ಲ ವನ್ಯಧಾಮಗಳು. ವ್ಯತ್ಯಾಸ ಏನಪ್ಪಾ ಅಂದರೆ, ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವ ಹಾಗೇ ಇಲ್ಲ. ವನ್ಯಧಾಮದಲ್ಲಿ ಸುತ್ತಲಿನ ಊರಿನವರಿಗೆ ಕೆಲವು ಹಕ್ಕು ಉಳಿದಿರಬಹುದು. ಕಾಡೊಳಗೆ ಎಮ್ಮೆ ಕಂಡು "ಇದೆಂಥ ಫಾರೆಸ್ಟ್ ರೀ" ಅಂತ ಸಿಟ್ಟಾಗುವವರಿಗೆ ಇಷ್ಟು ಗೊತ್ತಿರಲಿ.

ಸರಿ, ಒಳಗೆ ಹೋದಿರಿ ಅಂದುಕೊಳ್ಳಿ. ಜನ ನೇರ ಹುಲಿಯ ಬೊಂಬೆಯ ಹತ್ತಿರ ಹೋಗಿ ಸೆಲ್ಫಿ ತಗೋತಾರೆ. ತಗೊಳ್ಳಿ, ಬೇಡ ಅನ್ನಲ್ಲ. ಆಮೇಲೆ ನಕ್ಷೆಯ ಮುಂದೆ ಬನ್ನಿ. ಸಹ್ಯಾದ್ರಿಯ ಉಬ್ಬುತಗ್ಗು ತೋರಿಸುವ ನಕ್ಷೆ ಇದ್ದರಂತೂ ನಾನು ಹತ್ತು ನಿಮಿಷ ಅಲ್ಲೇ ನಿಲ್ಲಿಸುತ್ತೇನೆ. ಖಾನಾಪುರ ತಾಲೂಕು ಹುಡುಕಿ ಅಂತೀನಿ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ಅದೇ ತಾಲೂಕಿನ ದೇಗಾಂವದಲ್ಲಿ ಮಹದಾಯಿ. ಒಬ್ಬಳು ಪೂರ್ವಕ್ಕೆ ತಿರುಗಿ ಸವದತ್ತಿ, ಬಾದಾಮಿ ಸೀಮೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಇನ್ನೊಬ್ಬಳು ಪಶ್ಚಿಮಕ್ಕೆ ಇಳಿದು ಗೋವಾ ಮೇಲೆ ಹಾದು ಸಮುದ್ರ ಸೇರುತ್ತಾಳೆ. ನಡುವೆ ಇರುವುದು ಒಂದು ಗುಡ್ಡದ ಬೆನ್ನು, ಅಷ್ಟೇ. ಆ ಬೆನ್ನಿನ ಮೇಲೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ಪೂರ್ವಕ್ಕೆ ಬೆರಳು ಜಾರಿಸುತ್ತ ವಿಜಯಪುರಕ್ಕೆ ಬನ್ನಿ, ಸುಮಾರು 600ಕ್ಕೆ ಇಳಿದಿರುತ್ತದೆ.

ಇದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗೇ ಹೋಗುತ್ತದೆ. ಬೀಳಗಿ ಕಡೆಯವರೊಬ್ಬರು "ನಮ್ಮಲ್ಲಿ ಕಾಡ ಇಲ್ಲ ಬಿಡ್ರಿ, ಬರೇ ಮುಳ್ಳಕಂಟಿ" ಅಂದರು. ಅಲ್ರೀ, ಆ ಮುಳ್ಳಕಂಟಿಯೇ ಚಿಂಕಾರ ಅನ್ನೋ ಸಣ್ಣ ಹುಲ್ಲೆಯ ಮನೆ. ಬೀಳಗಿ, ಮುಧೋಳದ ನಡುವಿನ ಯಡಹಳ್ಳಿಯನ್ನು 2016ರಲ್ಲಿ ವನ್ಯಧಾಮ ಮಾಡಿದ್ದೇ ಆ ಪ್ರಾಣಿಗಾಗಿ. ತಿನ್ನುವ ಎಲೆಯಲ್ಲಿರುವ ನೀರಿನಲ್ಲೇ ದಿನಗಟ್ಟಲೆ ಕಳೆಯುವ ಪ್ರಾಣಿ ಅದು. ಅದನ್ನು ಕಣಕುಂಬಿಯ ಮಳೆಯಲ್ಲಿ ತಂದು ಬಿಟ್ಟರೆ ಏನು ಮಾಡೀತು ಪಾಪ.

ನಕ್ಷೆ ಬಿಟ್ಟರೆ ನನಗೆ ಇಷ್ಟವಾದದ್ದು ಹೆಜ್ಜೆಗುರುತಿನ ಅಚ್ಚುಗಳು. ಇದಕ್ಕೆ ಕಾರಣ ಒಂದು ಅವಮಾನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ದಾರಿಯ ಕೆಸರಿನಲ್ಲಿ ಒಂದು ಹೆಜ್ಜೆ ಕಂಡಿತು. ನಾನು ದನಿ ಇಳಿಸಿ, ಕಣ್ಣು ಅಗಲಿಸಿ, "ಚಿರತೆ!" ಅಂದೆ. ಮಕ್ಕಳು ಉಸಿರು ಹಿಡಿದವು, ಮಾಸ್ತರರು ಫೋಟೋ ಹೊಡೆದರು. ಜೊತೆಗಿದ್ದ ವಾಚರ್, ವಯಸ್ಸಾದ ಗೌಳಿ ಕಾಕಾ, ಒಂದು ಮಾತೂ ಆಡಲಿಲ್ಲ. ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನನ್ನನ್ನು ಕೇಂದ್ರದೊಳಗೆ ಕರೆದುಕೊಂಡು ಹೋಗಿ ಪ್ಲಾಸ್ಟರಿನ ಅಚ್ಚುಗಳ ಮುಂದೆ ನಿಲ್ಲಿಸಿ, "ಉಗುರ ಎಣಸ್ರಿ ಸರ್" ಅಂದರು. ಚಿರತೆಯ ಅಚ್ಚಿನಲ್ಲಿ ಉಗುರೇ ಇಲ್ಲ. ಹುಲಿಯದರಲ್ಲೂ ಇಲ್ಲ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ, ನೆಲದ ಮೇಲೆ ನಾಲ್ಕು ಬೆರಳು ಮತ್ತು ಅಂಗಾಲು ಮಾತ್ರ ಮೂಡುತ್ತದೆ. ನಾನು ಬೆಳಿಗ್ಗೆ ತೋರಿಸಿದ ಹೆಜ್ಜೆಯಲ್ಲಿ ನಾಲ್ಕು ಉಗುರು ಚೆಂದಾಗಿ ಚುಚ್ಚಿಕೊಂಡಿದ್ದವು. ಊರ ನಾಯಿ. ಆ ಮಾಸ್ತರರ ಆಲ್ಬಮ್ಮಿನಲ್ಲಿ ಅದು ಇವತ್ತಿಗೂ ಚಿರತೆಯಾಗೇ ಇರಬೇಕು.

ಆವತ್ತಿನಿಂದ ಅಚ್ಚು ನೋಡದೆ ಯಾರನ್ನೂ ಜೀಪ್ ಹತ್ತಿಸುವುದಿಲ್ಲ. ಕರಡಿಗೆ ಐದು ಬೆರಳು, ಮುಂಗಾಲಿನ ಉಗುರು ಉದ್ದ. ಕತ್ತೆಕಿರುಬದ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ, ಮುಂದಿನ ಹೆಜ್ಜೆ ಹಿಂದಿನದಕ್ಕಿಂತ ದೊಡ್ಡದು. ಇಷ್ಟು ತಿಳಿದುಕೊಂಡರೆ ಪ್ರಾಣಿ ಕಾಣದಿದ್ದರೂ ರಸ್ತೆಯನ್ನೇ ಓದಿಕೊಂಡು ಹೋಗಬಹುದು.

ಹಿಂದೆ ಹುಲಿ ಎಣಿಸುತ್ತಿದ್ದದ್ದೂ ಹೀಗೇ, ಹೆಜ್ಜೆ ನೋಡಿ. ಆಮೇಲೆ ಅದು ನಂಬುವಂಥದ್ದಲ್ಲ ಅಂತ ಕೈಬಿಟ್ಟು ಕ್ಯಾಮೆರಾಗೆ ಬಂದರು. ಕೇಂದ್ರದ ಗೋಡೆ ಮೇಲೆ ಪ್ರಾಣಿ ಎದುರು ಬಂದಾಗ ತಾನೇ ಕ್ಲಿಕ್ಕಾಗುವ ಕ್ಯಾಮೆರಾದ ಫೋಟೋ ಹಾಕಿದ್ದರೆ ಸ್ವಲ್ಪ ನಿಂತು ನೋಡಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ, ಅಷ್ಟೇ ಏಕೆ, ಅದೇ ಹುಲಿಯ ಎಡಮಗ್ಗುಲು ಬಲಮಗ್ಗುಲು ಕೂಡ ಬೇರೆ ಬೇರೆ, ಹಾಗಾಗಿ ದಾರಿಯ ಎರಡೂ ಕಡೆ ಜೋಡಿ ಕ್ಯಾಮೆರಾ ಕಟ್ಟಬೇಕು. 2022ರ ಗಣತಿಯಲ್ಲಿ ಕರ್ನಾಟಕದ ಅಂದಾಜು ಲೆಕ್ಕ 563 ಬಂದದ್ದು ಮುಖ್ಯವಾಗಿ ಈ ಪಟ್ಟೆಗಳನ್ನು ತಾಳೆ ನೋಡಿ.

ಕೊಂಬುಗಳನ್ನು ಬೇಗ ಮುಗಿಸುತ್ತೇನೆ. ಜಿಂಕೆ, ಸಾಂಬರದ ಕವಲುಕೊಂಬು ವರ್ಷವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಕಾಡುಕೋಣ, ಚಿಂಕಾರ, ಕೃಷ್ಣಮೃಗದ್ದು ಹುಟ್ಟಿ ಬಂದರೆ ಕೊನೆತನಕ. ಉದುರಿ ಬಿದ್ದದ್ದೇ ಅಲ್ವಾ ಅಂತ ಯಾವುದನ್ನೂ ಚೀಲಕ್ಕೆ ಹಾಕಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದೂ ಅಪರಾಧ.

ಹಾವಿನ ಚಾರ್ಟನ್ನು ಮಾತ್ರ ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಇದು ಕಾಡಿಗಿಂತ ನಿಮ್ಮ ಹೊಲಕ್ಕೆ ಜಾಸ್ತಿ ಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ಆಸ್ಪತ್ರೆಯಲ್ಲಿ ಔಷಧಿ ಇದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುವುದು ಜಾಸ್ತಿ, ಎಷ್ಟೋ ಸಲ ನೋವೇ ಇರುವುದಿಲ್ಲ. ನೋವಿಲ್ಲ ಅಂತ ಬೆಳಗಿನ ತನಕ ಕಾಯಬಾರದು.

ಇನ್ನೊಂದು ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ ಒಂದು ಬಾವಲಿ ಇದೆ, ರಾಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಅಂತ. ದೊಡ್ಡ ಕಿವಿ, ಹಿಂಗಾಲುಗಳ ನಡುವಿನ ಚರ್ಮದಾಚೆ ಚಾಚಿಕೊಂಡ ಬಾಲ. 1913ರಲ್ಲಿ ಅದನ್ನು ಮೊದಲ ಸಲ ವಿಜ್ಞಾನಕ್ಕೆ ಪರಿಚಯಿಸಿದ್ದು ಇಲ್ಲಿಯ ಬಾವಲಿಗಳಿಂದಲೇ. ಸುಮಾರು ಒಂದು ಶತಮಾನ ಇಡೀ ಜಗತ್ತಿಗೆ ಅದರ ವಿಳಾಸ ಅಂದರೆ ನಮ್ಮ ಖಾನಾಪುರ ತಾಲೂಕು ಮಾತ್ರ, ಆಮೇಲೆ ಮೇಘಾಲಯ ಮತ್ತು ಕಾಂಬೋಡಿಯಾದಲ್ಲೂ ಕಂಡಿತು. ಇದನ್ನು ಕೇಳಿದ ಕೂಡಲೇ ಎಲ್ಲರೂ "ನಡೀರಿ, ಗವಿಗೆ ಹೋಗೂಣು" ಅಂತಾರೆ. ಹೋಗಬಾರದು. ಹಗಲು ಮಲಗಿದ ಬಾವಲಿಗಳ ಮೇಲೆ ಟಾರ್ಚ್ ಬಿಟ್ಟು ಗದ್ದಲ ಮಾಡಿದರೆ ಅವು ಜಾಗವನ್ನೇ ಬಿಟ್ಟು ಹೋಗಬಹುದು. ಇಂಥದ್ದಕ್ಕೇ ಅಲ್ವಾ ಒಂದು ಕಟ್ಟಡ, ಒಂದು ಗೋಡೆ, ಒಳ್ಳೆಯ ಫೋಟೋ ಬೇಕಿರುವುದು. ಹುಲಿಯನ್ನಾದರೂ ಜೀಪಿನಿಂದ ನೋಡಬಹುದು, ಈ ಬಾವಲಿಯನ್ನು ನೋಡಲು ಬೇರೆ ದಾರಿಯೇ ಇಲ್ಲ. ಹಾಗಿದ್ದೂ ನಮ್ಮ ಕೇಂದ್ರಗಳಲ್ಲಿ ಹುಲಿಗೆ ಇಡೀ ಗೋಡೆ, ಬಾವಲಿಗೆ ಒಂದು ಮೂಲೆ. ಅದರ ಮೇಲೂ ಎಷ್ಟೋ ಕಡೆ ಬಣ್ಣ ಹಾರಿರುತ್ತದೆ, ಟ್ಯೂಬ್‌ಲೈಟ್ ಹತ್ತುವುದಿಲ್ಲ.

"ಇಂದು ಕಂಡ ಪ್ರಾಣಿಗಳು" ಅನ್ನುವ ಬೋರ್ಡ್ ಇದ್ದರೆ ಅದನ್ನು ನೋಡಿ ಆಸೆ ಕಟ್ಟಿಕೊಳ್ಳಬೇಡಿ. ಬೆಳಿಗ್ಗೆ ಆರಕ್ಕೆ ಕಂಡ ಕರಿಚಿರತೆ ನಿಮಗೋಸ್ಕರ ನಾಲ್ಕರ ತನಕ ಅಲ್ಲೇ ಕೂತಿರುವುದಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಕೇಂದ್ರದಲ್ಲಿ ಬಿಸಿನೀರಿನ ಬುಗ್ಗೆ ಮುಂದಿನ ಸಲ ಎಷ್ಟು ಗಂಟೆಗೆ ಚಿಮ್ಮುತ್ತದೆ ಅಂತ ಬರೆದು ಹಾಕುತ್ತಾರೆ, ಸುಮಾರಾಗಿ ಅದೇ ಹೊತ್ತಿಗೆ ಚಿಮ್ಮುತ್ತದೆ ಕೂಡ. ಚಿರತೆಗೆ ಅಂಥ ಟೈಮ್‌ಟೇಬಲ್ ಇಲ್ಲ.

ಅದರ ಬದಲು ಕೌಂಟರಿನಲ್ಲಿ ಕೂತವರನ್ನು, ಬಾಗಿಲಲ್ಲಿ ನಿಂತ ವಾಚರನ್ನು ಮಾತಾಡಿಸಿ. ಹುಲಿ ಎಲ್ಲಿದೆ ಅಂತ ಕೇಳಿದರೆ ನಗುತ್ತಾರೆ. ಯಾವ ಮರ ಹಣ್ಣು ಬಿಟ್ಟಿದೆ, ಯಾವ ಹಳ್ಳದಲ್ಲಿ ಇನ್ನೂ ನೀರಿದೆ, ಯಾವ ದಾರಿ ಬಂದ್ ಆಗಿದೆ, ಉಂಬಳ ಎಷ್ಟಿವೆ, ಉಣ್ಣಿ ಕಾಟ ಹೇಗಿದೆ ಅಂತ ಕೇಳಿ. ಅವರ ಮುಖವೇ ಬದಲಾಗುತ್ತದೆ. ಅವರಲ್ಲಿ ಹಲವರು ಅದೇ ಕಾಡಿನ ಅಂಚಿನಲ್ಲಿ ಹುಟ್ಟಿದವರು, ಚಾರ್ಟಿನಲ್ಲಿ ಇಲ್ಲದ್ದೆಲ್ಲ ಅವರ ಬಾಯಲ್ಲಿ ಇರುತ್ತದೆ, ಆದರೆ ಅವರಾಗೇ ಹೇಳುವುದಿಲ್ಲ.

ಸಫಾರಿ ಮುಗಿದ ಮೇಲೂ ಐದು ನಿಮಿಷ ಒಳಗೆ ಹೋಗಿ ಬನ್ನಿ. ಹೋದ ಚಳಿಗಾಲದಲ್ಲಿ ಮುಧೋಳದಿಂದ ಒಂದು ಕುಟುಂಬ ಬಂದಿತ್ತು. ದಾಂಡೇಲಿ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ, ಹಾರ್ನ್‌ಬಿಲ್ ಅಂತಾರಲ್ಲ, ಅವು. ನಮಗೆ ಅವತ್ತು ಒಂದು ದೊಡ್ಡದು ತಲೆ ಮೇಲೆ ಹಾರಿಹೋಯಿತು. ಅದರ ರೆಕ್ಕೆಯ ಸದ್ದಿಗೇ ಎಲ್ಲರೂ ಮೇಲೆ ನೋಡಿದರು. ಅಪ್ಪ ಅದು ಮಲಬಾರ್ ಪೈಡ್ ಹಾರ್ನ್‌ಬಿಲ್ ಅಂದರು, ಎಂಟನೇ ಕ್ಲಾಸಿನ ಮಗಳು ಗ್ರೇಟ್ ಹಾರ್ನ್‌ಬಿಲ್ ಅಂದಳು. ದಾರಿಯುದ್ದಕ್ಕೂ ಅದೇ ಜಗಳ. ವಾಪಸ್ ಬಂದವರೇ ಇಬ್ಬರೂ ಚಾರ್ಟಿನ ಮುಂದೆ ನಿಂತರು. ಪೈಡ್‌ಗೆ ರೆಕ್ಕೆಯ ಹಿಂದಿನ ಅಂಚು ಮಾತ್ರ ಬಿಳಿ, ಕುತ್ತಿಗೆ ಕಪ್ಪು. ಗ್ರೇಟ್‌ಗೆ ರೆಕ್ಕೆಯ ನಡುವೆಯೂ ಒಂದು ಪಟ್ಟಿ, ಕುತ್ತಿಗೆ ಹಳದಿ ಛಾಯೆ.

"ಪಟ್ಟಿ ಇತ್ತಲ್ಲ ಅಪ್ಪಾ, ನಾ ನೋಡೀನಿ," ಅಂದಳು ಹುಡುಗಿ. ಅಪ್ಪ ಕನ್ನಡಕ ತೆಗೆದು ಒರೆಸಿದರು, ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ. ಬೆಳಗಾವಿಗೆ ಬಂದ ಮೇಲೆ ಎಲ್ಲರಿಗೂ ಕುಂದಾ ಕೊಡಿಸಿದ್ದು ಅವರೇ.