ಗ್ರಹ ತಡವಾಗಿ ಬಂದರೆ ಯಾರನ್ನು ಕೇಳಬೇಕು?

ಕೆಪ್ಲರ್-88 ಅನ್ನುವ ನಕ್ಷತ್ರದ ಮುಂದೆ ಸುಮಾರು 11 ದಿನಕ್ಕೊಮ್ಮೆ ಒಂದು ಗ್ರಹ ಹಾದುಹೋಗುತ್ತದೆ. ಆಗ ನಕ್ಷತ್ರದ ಬೆಳಕು ಒಂದಿಷ್ಟು ಕುಗ್ಗುತ್ತದೆ, ಕೆಲವು ಗಂಟೆ ಕಳೆದ ಮೇಲೆ ಮತ್ತೆ ಮೊದಲಿನಂತಾಗುತ್ತದೆ. ಇದೇ ಸಂಕ್ರಮಣ. ಆ ಗ್ರಹ ಒಂಟಿಯಾಗಿದ್ದಿದ್ದರೆ ಸಂಕ್ರಮಣಗಳು ಒಂದೇ ಅಂತರದಲ್ಲಿ ಬರುತ್ತಿದ್ದವು, ಐದು ವರ್ಷ ಬಿಟ್ಟು ಬರುವ ಸಂಕ್ರಮಣ ಯಾವ ನಿಮಿಷಕ್ಕೆ ಅಂತ ಇವತ್ತೇ ಬರೆದಿಡಬಹುದಿತ್ತು. ಈ ಗ್ರಹ ಹಾಗಲ್ಲ. ಕೆಲವು ಸಲ ಲೆಕ್ಕಕ್ಕಿಂತ 12 ಗಂಟೆಯಷ್ಟು ಮುಂಚೆ ಬರುತ್ತದೆ, ಕೆಲವು ಸಲ ಅಷ್ಟೇ ತಡ.

2013ರಲ್ಲಿ ಡೇವಿಡ್ ನೆಸ್ವೊರ್ನಿ ಮತ್ತು ಸಂಗಡಿಗರು ಈ ಏರುಪೇರನ್ನೂ, ಸಂಕ್ರಮಣ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದರಲ್ಲಿದ್ದ ಸಣ್ಣ ವ್ಯತ್ಯಾಸವನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರು. ಸುಮಾರು 22 ದಿನದ ಕಕ್ಷೆಯಲ್ಲಿ ಇನ್ನೊಂದು ಗ್ರಹ ಇದೆ, ಗುರುಗ್ರಹದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ ತೂಕದ್ದು, ನಮ್ಮ ಕಡೆಯಿಂದ ನೋಡಿದರೆ ನಕ್ಷತ್ರದ ಮುಂದೆ ಹಾಯುವುದೇ ಇಲ್ಲ ಅಂದರು. ಆಮೇಲೆ ಫ್ರಾನ್ಸಿನ ಓಟ್-ಪ್ರೊವಾನ್ಸ್ ವೀಕ್ಷಣಾಲಯದ ಸೋಫಿ ಉಪಕರಣದಿಂದ ನಕ್ಷತ್ರದ ಓಲಾಟ (ಗ್ರಹಗಳ ಎಳೆತಕ್ಕೆ ನಕ್ಷತ್ರವೂ ತುಸು ಹಿಂದೆ ಮುಂದೆ ಆಗುವುದು) ಅಳೆದಾಗ ಹೆಚ್ಚುಕಡಿಮೆ ಅದೇ ಅವಧಿ, ಅದೇ ತೂಕ ಬಂತು.

ಇಂಥ ಸಮಯಗಳ ಪಟ್ಟಿ ಇಟ್ಟುಕೊಂಡು ಕೂರುವುದು ನನ್ನ ಕೆಲಸ. ನಮ್ಮಲ್ಲಿ ಇದಕ್ಕೆ ಟಿಟಿವಿ ಅನ್ನುತ್ತಾರೆ, ಅಂದರೆ ಸಂಕ್ರಮಣದ ಸಮಯದ ಏರುಪೇರು. ಈ ಯೋಚನೆ ಹಳೆಯದೇ. ಯುರೇನಸ್ ಲೆಕ್ಕದ ದಾರಿ ಬಿಟ್ಟು ಸರಿಯುತ್ತಿದ್ದುದನ್ನು ನೋಡಿ ಫ್ರಾನ್ಸಿನ ಗಣಿತಜ್ಞ ಲೆವೆರಿಯೆ ಕಾಣದ ಗ್ರಹವೊಂದು ಇರಬೇಕಾದ ಜಾಗ ಹೇಳಿದ, 1846ರಲ್ಲಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ ಆ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಹೊರಗ್ರಹಗಳಲ್ಲಿ, ಅಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳಲ್ಲಿ, ನಮಗೆ ದಾರಿ ಕಾಣುವುದಿಲ್ಲ, ಗ್ರಹ ನಕ್ಷತ್ರದ ಮುಂದೆ ಬಂದ ಹೊತ್ತು ಮಾತ್ರ ಗೊತ್ತಾಗುತ್ತದೆ. ಆ ಹೊತ್ತಿನಿಂದಲೇ ಕಾಣದ ಗ್ರಹವನ್ನು ಹಿಡಿಯಬಹುದು ಅಂತ 2005ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ತೋರಿಸಿದವು. ಒಂದು ಹಾಲ್ಮನ್ ಮತ್ತು ಮರ್ರೆ ಅವರದು, ಇನ್ನೊಂದು ಎರಿಕ್ ಅಗೋಲ್ ಮತ್ತು ಸಂಗಡಿಗರದು.

ಈಗ ಎಳೆತದ ವಿಷಯ. ಹೊರಗಿನ ಗ್ರಹ ಮುಂದಿದ್ದಾಗ ಒಳಗಿನ ಗ್ರಹವನ್ನು ಮುಂದಕ್ಕೆ ಎಳೆಯುತ್ತದೆ. ಹಾಗಾದರೆ ಒಳಗಿನದು ಬೇಗ ಬರಬೇಕು ಅಲ್ವಾ? ನಡೆಯುವುದು ಉಲ್ಟಾ. ಮುಂದಕ್ಕೆ ಎಳೆಸಿಕೊಂಡ ಗ್ರಹಕ್ಕೆ ಶಕ್ತಿ ಸೇರುತ್ತದೆ, ಅದು ಕೊಂಚ ದೊಡ್ಡ ಕಕ್ಷೆಗೆ ಏರುತ್ತದೆ. ದೊಡ್ಡ ಕಕ್ಷೆ ಸುತ್ತಲು ಜಾಸ್ತಿ ಹೊತ್ತು ಬೇಕು, ಹಾಗಾಗಿ ಮುಂದಿನ ಸುತ್ತುಗಳಲ್ಲಿ ಅದು ತಡವಾಗುತ್ತಾ ಹೋಗುತ್ತದೆ. ಇತ್ತ ಶಕ್ತಿ ಕೊಟ್ಟ ಗ್ರಹ ಒಳಕ್ಕೆ ಜಾರಿ ಬೇಗ ಬರುತ್ತದೆ. ಒಂದು ತಡವಾದಾಗ ಇನ್ನೊಂದು ಮುಂಚೆ. 2010ರಲ್ಲಿ ಕೆಪ್ಲರ್-9ರಲ್ಲಿ ಇದು ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಅಲ್ಲಿ ಎರಡು ಗ್ರಹಗಳೂ ಸಂಕ್ರಮಿಸುತ್ತವೆ, ಒಂದಕ್ಕೆ 19 ದಿನ, ಇನ್ನೊಂದಕ್ಕೆ 39 ದಿನದ ಸುತ್ತು. ಆಗ ಸಿಕ್ಕಿದ್ದ ಕೆಲವು ತಿಂಗಳ ದತ್ತಾಂಶದಲ್ಲಿ ಒಳಗಿನದರ ಅಂತರ ಪ್ರತಿ ಸುತ್ತಿಗೆ 4 ನಿಮಿಷದಷ್ಟು ಹಿಗ್ಗುತ್ತಿತ್ತು, ಹೊರಗಿನದರದು 39 ನಿಮಿಷದಷ್ಟು ಕುಗ್ಗುತ್ತಿತ್ತು.

ಒಂದು ಸಲದ ಎಳೆತ ಬಹಳ ಚಿಕ್ಕದು. ಗ್ರಹಗಳು ಎದುರಾಗುವ, ಅಂದರೆ ನಕ್ಷತ್ರದ ಒಂದೇ ಬದಿಯಲ್ಲಿ ಒಂದೇ ಸಾಲಿಗೆ ಬರುವ, ಮೊದಲು ಮುಂದಕ್ಕೆ ಎಳೆದದ್ದು, ದಾಟಿದ ಮೇಲೆ ಹಿಂದಕ್ಕೆ ಎಳೆದದ್ದು ಹೆಚ್ಚುಕಡಿಮೆ ಒಂದಕ್ಕೊಂದು ವಜಾ ಆಗಿಬಿಡುತ್ತದೆ. ಉಳಿಯುವ ಚೂರು ಕೂಡುತ್ತಾ ಹೋಗಬೇಕಾದರೆ ಅವು ಪದೇ ಪದೇ ಹತ್ತಿರಹತ್ತಿರದ ಜಾಗದಲ್ಲೇ ಎದುರಾಗಬೇಕು. ಅವಧಿಗಳು 2:1, 3:2, 3:1 ಇಂಥ ಅನುಪಾತದ ಹತ್ತಿರ ಇದ್ದಾಗ ಹಾಗಾಗುತ್ತದೆ. ಉದಾಹರಣೆಗೆ ಒಳಗಿನದು 10 ದಿನ, ಹೊರಗಿನದು 20.4 ದಿನ ಅಂತಿಟ್ಟುಕೊಳ್ಳಿ. 510 ದಿನದಲ್ಲಿ ಹೊರಗಿನದು 25 ಸುತ್ತು ಮುಗಿಸುತ್ತದೆ, ಒಳಗಿನದು 51. ಸರಿಯಾಗಿ 2:1 ಆಗಿದ್ದರೆ 50 ಆಗಬೇಕಿತ್ತು. ಆ ಒಂದು ಸುತ್ತಿನ ವ್ಯತ್ಯಾಸದಲ್ಲಿ ಎದುರಾಗುವ ಜಾಗ ಕಕ್ಷೆಯ ಸುತ್ತ ನಿಧಾನವಾಗಿ ತಿರುಗಿ ಮೊದಲಿನ ಕಡೆಗೇ ಬರುತ್ತದೆ, ಸಂಕ್ರಮಣದ ಸಮಯವೂ 510 ದಿನದ ಒಂದು ಅಲೆಯಾಗಿ ಏರಿಳಿಯುತ್ತದೆ. 10 ದಿನದ ಗ್ರಹವನ್ನು ಬರೀ ಎರಡು ತಿಂಗಳು ನೋಡಿದರೆ ಸಾಲದು ಅನ್ನುವುದು ಇದಕ್ಕೇ. ಅಷ್ಟರಲ್ಲಿ ಕಾಣುವ ಅಲೆಯ ಚೂರು ನೇರ ಗೆರೆಯಂತೆಯೇ ಇರುತ್ತದೆ, ನಾವು ಗ್ರಹದ ಅವಧಿಯನ್ನೇ ತುಸು ತಪ್ಪಾಗಿ ಬರೆದುಕೊಂಡು ಎಲ್ಲ ಸರಿಯಿದೆ ಅಂದುಕೊಂಡುಬಿಡುತ್ತೇವೆ.

ಏರುಪೇರು ಕಂಡ ಕೂಡಲೇ ಗ್ರಹ ಅನ್ನಬೇಡಿ, ಮೊದಲು ಗಡಿಯಾರ ನೋಡಿ. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆಲ್ಲ ಇದನ್ನು ಹೇಳುತ್ತೇನೆ. ಭೂಮಿ ಸೂರ್ಯನನ್ನು ಸುತ್ತುತ್ತಿರುತ್ತದೆ, ಕಕ್ಷೆಯ ಆ ಬದಿಯಿಂದ ಈ ಬದಿಗೆ ಬೆಳಕು ದಾಟಲು ಸುಮಾರು 16 ನಿಮಿಷ ಬೇಕು. ಅದನ್ನು ತೆಗೆದುಹಾಕಲು ಎಲ್ಲ ಸಮಯಗಳನ್ನೂ ಸೌರವ್ಯೂಹದ ದ್ರವ್ಯಕೇಂದ್ರಕ್ಕೆ, ಅಂದರೆ ಇಡೀ ವ್ಯೂಹದ ತೂಕದ ನಡುಬಿಂದುವಿಗೆ, ತಂದುಕೊಳ್ಳುತ್ತೇವೆ. ತರದಿದ್ದರೆ ವರ್ಷಕ್ಕೊಮ್ಮೆ ಏರಿಳಿಯುವ ಚೆಂದದ ಅಲೆಯೊಂದು ಕಾಣುತ್ತದೆ, ಆದರೆ ಅದು ನಮ್ಮ ಭೂಮಿಯದೇ. ಇನ್ನೊಂದು, ನಾವು ಬಳಸುವ ಗಡಿಯಾರದ ಸಮಯಕ್ಕೂ ಖಗೋಳದ ಲೆಕ್ಕಕ್ಕೆ ಬಳಸುವ ಸಮಯಕ್ಕೂ ಈಗ 69 ಸೆಕೆಂಡಿನ ವ್ಯತ್ಯಾಸವಿದೆ. ಒಮ್ಮೆ ಎರಡು ದೂರದರ್ಶಕಗಳ ದತ್ತಾಂಶ ಸೇರಿಸಿದಾಗ ಒಂದರ ಸಂಕ್ರಮಣಗಳು ಮಾತ್ರ ಒಂದು ನಿಮಿಷದ ಮೇಲೆ ಚೂರು ಸರಿದಿದ್ದವು. ಮೂರು ವಾರ ಕಳೆದ ಮೇಲೆ ಗೊತ್ತಾಯಿತು, ಒಂದು ಕಡೆ ಈ ಸಮಯ, ಇನ್ನೊಂದು ಕಡೆ ಆ ಸಮಯ ಬರೆದಿದ್ದರು. ಆವತ್ತಿನಿಂದ ಯಾವ ಕಡತ ಬಂದರೂ ಮೊದಲು ಕೇಳುವುದು ಇದನ್ನೇ.

ನಕ್ಷತ್ರದ ಕಲೆಗಳೂ ಮೋಸ ಮಾಡುತ್ತವೆ. ಗ್ರಹ ಹಾಯುವ ದಾರಿಯ ಒಂದು ಬದಿಯಲ್ಲಿ ಕಪ್ಪು ಕಲೆ ಇದ್ದರೆ ಬೆಳಕಿನ ನಕ್ಷೆಯಲ್ಲಿ ಸಂಕ್ರಮಣ ಮಾಡುವ ಗುಂಡಿಯ ಆಕಾರ ಕೆಡುತ್ತದೆ, ಅದರ ನಡುಬಿಂದು ಸರಿದಂತೆ ಕಾಣುತ್ತದೆ. ನಕ್ಷತ್ರ ತಿರುಗುವ ಅವಧಿಯಲ್ಲೇ ಏರುಪೇರು ಬರುತ್ತಿದ್ದರೆ ಅನುಮಾನ ಪಡಲೇಬೇಕು.

ಇಷ್ಟೆಲ್ಲ ದಾಟಿದ ಮೇಲೂ ಸಿಗುವುದು ಒಂದು ಅಲೆ, ಅಷ್ಟೇ. ಅಲೆಯನ್ನು ಎಬ್ಬಿಸಿದ್ದು ಯಾರು ಅನ್ನುವುದು ಬೇರೆಯೇ ಪ್ರಶ್ನೆ. ಕೆಪ್ಲರ್-19 ಇದಕ್ಕೆ ಒಳ್ಳೆಯ ಪಾಠ. ಅಲ್ಲಿ 9.3 ದಿನದ ಗ್ರಹ ಸುಮಾರು 300 ದಿನಕ್ಕೊಮ್ಮೆ ತಿರುಗಿ ಬರುವ ಅಲೆಯಲ್ಲಿ 5 ನಿಮಿಷದಷ್ಟು ಹಿಂದೆ ಮುಂದೆ ಆಗುತ್ತಿತ್ತು. 2011ರಲ್ಲಿ ಸಾರಾ ಬಲ್ಲಾರ್ಡ್ ಮತ್ತು ಸಂಗಡಿಗರು ಎರಡನೆಯ ಗ್ರಹ ಇದೆ ಅಂತ ಘೋಷಿಸಿದರು, ಆದರೆ ಅದು ಎಂಥದ್ದು ಅನ್ನುವಲ್ಲಿ ಪ್ರಾಮಾಣಿಕವಾಗಿ ನಿಲ್ಲಿಸಿದರು. ಅವಧಿ 160 ದಿನದೊಳಗೆ, ತೂಕ ಗುರುವಿನ ಆರು ಪಟ್ಟಿನೊಳಗೆ, ಅಷ್ಟೇ ಹೇಳಿದ್ದು. 2:1 ಇರಬಹುದು, 3:2 ಇರಬಹುದು, 3:1 ಇರಬಹುದು, ಎಲ್ಲವೂ ಅಂಥದೇ ಅಲೆ ಎಬ್ಬಿಸಬಲ್ಲವು. ಆ ಸಂಯಮ ನನಗೆ ಬಹಳ ಇಷ್ಟ. 2017ರಲ್ಲಿ ನಕ್ಷತ್ರದ ಓಲಾಟದ ಅಳತೆಯೂ ಸೇರಿದ ಮೇಲೆ ಅದು 28.7 ದಿನದ ಗ್ರಹ, ಭೂಮಿಯ ಸುಮಾರು 13 ಪಟ್ಟು ತೂಕ ಅಂತ ಗೊತ್ತಾಯಿತು. 9.3ಕ್ಕೆ 28.7, ಅಂದರೆ 3:1ರ ಪಕ್ಕದಲ್ಲಿ.

ತೂಕದಲ್ಲೂ ಇಂಥದ್ದೇ ತೊಡಕು ಇದೆ. ದುಂಡು ಕಕ್ಷೆಯ ಭಾರದ ಗ್ರಹ ಮಾಡುವ ಅಲೆಯನ್ನೇ ಕೊಂಚ ಅಂಡಾಕಾರದ ಕಕ್ಷೆಯ ಹಗುರ ಗ್ರಹವೂ ಮಾಡಬಲ್ಲದು. ದೊಡ್ಡ ಅಲೆಯ ಮೈಮೇಲೆ ಗರಗಸದ ಹಲ್ಲಿನಂತೆ ಒಂದು ಸಣ್ಣ ಏರಿಳಿತ ಇರುತ್ತದೆ, ಗ್ರಹಗಳು ಒಂದೊಂದು ಸಲ ಎದುರಾದಾಗ ಬೀಳುವ ಪೆಟ್ಟಿನ ಗುರುತು ಅದು. ಅದರ ಎತ್ತರ ಮುಖ್ಯವಾಗಿ ತೂಕವನ್ನೇ ಹೇಳುತ್ತದೆ. ಅದನ್ನು ಹಿಡಿಯಬೇಕಾದರೆ ಒಂದೊಂದು ಸಂಕ್ರಮಣವನ್ನೂ ತುಂಬ ನಿಖರವಾಗಿ ಅಳೆಯಬೇಕು. ಹಾಗೆ ಅಳೆದರೆ ಏನು ಸಿಗುತ್ತದೆ ಅನ್ನುವುದಕ್ಕೆ ಟ್ರಾಪಿಸ್ಟ್-1 ಇದೆ. 40 ಜ್ಯೋತಿರ್ವರ್ಷ ದೂರದ ಮಂಕು ನಕ್ಷತ್ರ, ಭೂಮಿಯ ಗಾತ್ರದ ಆಸುಪಾಸಿನ ಏಳು ಗ್ರಹ. ಅವುಗಳ ತೂಕವನ್ನು ಸಂಕ್ರಮಣದ ಸಮಯಗಳಿಂದಲೇ ತೆಗೆದರು, 2021ರ ಹೊತ್ತಿಗೆ ಶೇಕಡಾ 3ರಿಂದ 5ರಷ್ಟು ನಿಖರತೆಗೆ.

ಏರುಪೇರು ಕಾಣದಿದ್ದರೂ ಅದೊಂದು ಉತ್ತರವೇ. ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ, ಗುರುಗ್ರಹದಂಥ ದೊಡ್ಡ ಗ್ರಹಗಳು (ಇವಕ್ಕೆ ಬಿಸಿ ಗುರು ಅನ್ನುತ್ತಾರೆ) ಸಾಮಾನ್ಯವಾಗಿ ಸಮಯಕ್ಕೆ ಸರಿಯಾಗಿ ಬರುತ್ತವೆ, ಅಂದರೆ ಅನುಪಾತದ ಜಾಗಗಳಲ್ಲಿ ಅವಕ್ಕೆ ನೆರೆಯವರಿಲ್ಲ. ಹಾಗಂತ ಇಡೀ ವ್ಯವಸ್ಥೆಯೇ ಖಾಲಿ ಅಂದುಕೊಳ್ಳಬಾರದು. ಮತ್ತೆ ಕೆಪ್ಲರ್-88ಕ್ಕೇ ಬನ್ನಿ. ಆ 12 ಗಂಟೆಯ ಏರುಪೇರನ್ನು ಎರಡು ಗ್ರಹಗಳ ಲೆಕ್ಕವೇ ಚೆನ್ನಾಗಿ ವಿವರಿಸಿತ್ತು, ಮೂರನೆಯದರ ಅಗತ್ಯವೇ ಬಿದ್ದಿರಲಿಲ್ಲ. 2020ರಲ್ಲಿ ವರ್ಷಗಟ್ಟಲೆ ಅಳೆದ ನಕ್ಷತ್ರದ ಓಲಾಟದಿಂದ ಅಲ್ಲಿ ಇನ್ನೊಂದು ಗ್ರಹ ಸಿಕ್ಕಿತು. ಸುಮಾರು ನಾಲ್ಕು ವರ್ಷದ ಸುತ್ತು, ಗುರುವಿನ ಮೂರು ಪಟ್ಟು ತೂಕ, ಆ ವ್ಯವಸ್ಥೆಯಲ್ಲಿ ಗೊತ್ತಿರುವ ಗ್ರಹಗಳಲ್ಲೇ ಅತಿ ಭಾರದ್ದು.