ದೂರಶಿಕ್ಷಣದ ಕಂಪ್ಯೂಟರ್ ಪದವಿ: ಅಸೈನ್‌ಮೆಂಟನ್ನು ನೀವೇ ಬರೆಯಿರಿ

ಪೀಣ್ಯದ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ, ಜಯನಗರದ ಔಷಧಿ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ, ವೈಟ್‌ಫೀಲ್ಡಿನ ಕಾಲ್ ಸೆಂಟರಿನ ರಾತ್ರಿ ಪಾಳಿಯಲ್ಲಿ ದುಡಿಯುತ್ತಲೇ ಬಿ.ಸಿ.ಎ. ಅಥವಾ ಎಂ.ಸಿ.ಎ. ಮುಗಿಸಬೇಕೆಂದು ಹೊರಟವರಿಗೆ ಭಾನುವಾರಗಳಂದು ಸ್ಟಡಿ ಸೆಂಟರೊಂದರಲ್ಲಿ ಪಾಠ ಹೇಳುತ್ತೇನೆ. ವಾರದ ಉಳಿದ ದಿನಗಳಲ್ಲಿ ನನ್ನದು ಸಾಫ್ಟ್‌ವೇರ್ ಕೆಲಸ. ಹೊಸಬರನ್ನು ಸಂದರ್ಶಿಸಿ ಆರಿಸುವ ಹೊಣೆಯೂ ಅದರ ಜೊತೆಗಿದೆ. ದೂರಶಿಕ್ಷಣದ ಪದವಿಗೆ ಬೆಲೆಯಿದೆಯೇ ಎಂದು ಕೇಳುವವರಿಗೆ ಈ ಎರಡೂ ಕಡೆಯ ಅನುಭವದಿಂದ ನಾನು ಕೊಡುವ ಉತ್ತರ ಒಂದೇ: ಆ ಪದವಿಯ ಬೆಲೆ ಬಹುಮಟ್ಟಿಗೆ ನಿಂತಿರುವುದು ನೀವು ಅಸೈನ್‌ಮೆಂಟುಗಳನ್ನು ಸ್ವತಃ ಮಾಡಿದಿರೋ ಇಲ್ಲವೋ ಎಂಬುದರ ಮೇಲೆ.

ಅದಕ್ಕೂ ಮೊದಲು ಮಾನ್ಯತೆಯ ವಿಷಯವನ್ನು ಮುಗಿಸಿಬಿಡೋಣ. ಫೀಸು ಕಟ್ಟುವ ಮುನ್ನ, ನೀವು ಸೇರಲಿರುವ ವಿಶ್ವವಿದ್ಯಾನಿಲಯ, ಆ ಕೋರ್ಸು ಮತ್ತು ಆ ಶೈಕ್ಷಣಿಕ ವರ್ಷ, ಈ ಮೂರಕ್ಕೂ ಅನುಮತಿ ಇದೆಯೇ ಎಂಬುದನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಬೇಕು. ವರ್ಷವನ್ನೂ ನೋಡಬೇಕೆನ್ನುವುದಕ್ಕೆ ಕಾರಣವಿದೆ: ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿ ದೊರೆಯಿತು. ಬಿ.ಇ., ಬಿ.ಟೆಕ್. ಪದವಿಗಳನ್ನು ಅಂಚೆಯ ಮೂಲಕ ಕೊಡಿಸುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ. ದೂರಶಿಕ್ಷಣದ ಮೂಲಕ ಎಂಜಿನಿಯರಿಂಗ್ ಪದವಿ ಕೊಡುವಂತಿಲ್ಲ, ಡೀಮ್ಡ್ ವಿಶ್ವವಿದ್ಯಾನಿಲಯಗಳು ಅನುಮತಿಯಿಲ್ಲದೆ ಕೊಟ್ಟಿದ್ದ ಅಂಥ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ಕಠಿಣ ತೀರ್ಪನ್ನೇ ನೀಡಿದೆ. ಬಿ.ಸಿ.ಎ., ಎಂ.ಸಿ.ಎ.ಗಳಿಗೆ ಈ ತೊಡಕಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಸಮಯದ ಲೆಕ್ಕ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ, ಒಂದು ಕ್ರೆಡಿಟ್‌ಗೆ 30 ಗಂಟೆಗಳ ಓದು ಬೇಕೆಂದು ಹೇಳುತ್ತದೆ. ಸೆಮಿಸ್ಟರಿಗೆ 20 ಕ್ರೆಡಿಟ್ ತೆಗೆದುಕೊಂಡರೆ 600 ಗಂಟೆಗಳಾದವು. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಸುಮಾರು 23 ಗಂಟೆ, ದಿನಕ್ಕೆ ಮೂರು ಗಂಟೆಗೂ ಹೆಚ್ಚು. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವವರಿಗೆ ಇದು ಸುಲಭವಲ್ಲ. ಬಸ್ಸಿನಲ್ಲೋ ಮೆಟ್ರೋದಲ್ಲೋ ಕುಳಿತು ಪಠ್ಯವನ್ನು ಓದಬಹುದು, ಪ್ರೋಗ್ರಾಂ ಬರೆಯುವುದು ಕಷ್ಟ. ಮೂರು ವರ್ಷದ ಬಿ.ಸಿ.ಎ.ಯನ್ನು ಪೂರೈಸಲು ಇಗ್ನೋ ಆರು ವರ್ಷಗಳವರೆಗೆ ಅವಕಾಶ ಕೊಡುತ್ತದೆ. ನೌಕರಿಯಲ್ಲಿರುವವರು ನಾಲ್ಕು ವರ್ಷವೆಂದು ಮೊದಲೇ ಇಟ್ಟುಕೊಂಡು ನಿಧಾನವಾಗಿ, ಗಟ್ಟಿಯಾಗಿ ಓದುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಯಂತ್ರದ ಖರ್ಚಿಗೆ ಹೆದರಬೇಕಾಗಿಲ್ಲ. ಎಸ್.ಪಿ. ರಸ್ತೆಯಲ್ಲಿ ಸಿಗುವ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡರೆ ಸಿ ಕಂಪೈಲರ್ (ಸಿ ಭಾಷೆಯ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ತಂತ್ರಾಂಶ), ಪೈಥಾನ್, ಡೇಟಾಬೇಸ್ ಎಲ್ಲವೂ ಉಚಿತವಾಗಿಯೇ ದೊರೆಯುತ್ತವೆ.

ಈಗ ಅಸೈನ್‌ಮೆಂಟಿಗೆ ಬರೋಣ. ರೆಗ್ಯುಲರ್ ಕಾಲೇಜಿನಲ್ಲಿ ಮೇಷ್ಟರು ಹಲಗೆಯ ಮೇಲೆ ಬರೆಯುತ್ತಾರೆ, ವಿದ್ಯಾರ್ಥಿ ಕೈಯೆತ್ತಿ ಕೇಳುತ್ತಾನೆ, ಪಕ್ಕದ ಗೆಳೆಯ ತಪ್ಪನ್ನು ತೋರಿಸಿಕೊಡುತ್ತಾನೆ. ದೂರಶಿಕ್ಷಣದಲ್ಲಿ ಇವೆಲ್ಲಕ್ಕೂ ಬದಲಾಗಿ ಇರುವುದು ಅಸೈನ್‌ಮೆಂಟು ಮತ್ತು ಅದರ ಅಂಚಿನಲ್ಲಿ ಮೌಲ್ಯಮಾಪಕರು ಬರೆಯುವ ಟಿಪ್ಪಣಿ. ನಮ್ಮಲ್ಲಿ ಇದನ್ನು ಪರೀಕ್ಷೆಗೆ ಕೂರಲು ಬೇಕಾದ ಕಾಗದವೆಂದು ಮಾತ್ರ ನೋಡುವವರೇ ಹೆಚ್ಚು. ಸಿದ್ಧ ಉತ್ತರಗಳು ಜೆರಾಕ್ಸ್ ಅಂಗಡಿಯಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಿಗುತ್ತವೆ. ಈಚೆಗೆ ಚಾಟ್‌ಜಿಪಿಟಿ ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆ ಸೇರಿದವರು ಅವುಗಳ ಮೊರೆ ಹೋಗುವುದೇಕೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಬೇಡವೆನ್ನುತ್ತೇನೆ. ಏಕೆಂಬುದು ಒಂದು ಉದಾಹರಣೆಯಿಂದ ತಿಳಿದೀತು.

ಡೇಟಾ ಸ್ಟ್ರಕ್ಚರ್ಸ್ ವಿಷಯದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಲಿಂಕ್ಡ್ ಲಿಸ್ಟ್‌ನಿಂದ ಒಂದು ನೋಡ್ ಅಳಿಸುವ ಫಂಕ್ಷನನ್ನು ಸಿ ಭಾಷೆಯಲ್ಲಿ ಬರೆಯಿರಿ. ಲಿಂಕ್ಡ್ ಲಿಸ್ಟ್ ಎಂದರೆ ಸರಪಳಿಯಂಥ ಪಟ್ಟಿ. ಅದರ ಒಂದೊಂದು ಕೊಂಡಿಯೇ ನೋಡ್, ಮುಂದಿನ ನೋಡ್ ಮೆಮೊರಿಯಲ್ಲಿ ಎಲ್ಲಿದೆಯೆಂದು ತೋರಿಸುವುದು ಪಾಯಿಂಟರ್. ಪಟ್ಟಿಯ ನಡುವಿನ ನೋಡ್ ಅಳಿಸುವಾಗ ಎಲ್ಲವೂ ಸರಿಯಾಗಿರುತ್ತದೆ. ಹಿಂದಿನ ನೋಡಿನ ಪಾಯಿಂಟರನ್ನು ಮುಂದಿನದಕ್ಕೆ ತಿರುಗಿಸಿದರೆ ಸಾಕು. ಮೊದಲನೆಯದನ್ನು ಅಳಿಸಿದಾಗ ತೊಂದರೆ ಶುರುವಾಗುತ್ತದೆ. ಪಟ್ಟಿಯ ಮೊದಲ ನೋಡನ್ನು ತೋರಿಸುವ ಹೆಡ್ ಪಾಯಿಂಟರಿನ ಪ್ರತಿ ಮಾತ್ರ ಫಂಕ್ಷನಿಗೆ ಹೋಗಿರುವುದರಿಂದ, ಒಳಗೆ ಅದನ್ನು ಬದಲಿಸಿದರೂ ಹೊರಗಿನ ಹೆಡ್ ಹಾಗೆಯೇ, ಆಗಲೇ ಬಿಟ್ಟುಕೊಟ್ಟ ಮೆಮೊರಿಯನ್ನೇ ತೋರಿಸುತ್ತಿರುತ್ತದೆ. ಈ ತಪ್ಪನ್ನು ಕಂಪೈಲರ್ ಹಿಡಿಯಬೇಕೆಂದೇನೂ ಇಲ್ಲ. ಪ್ರೋಗ್ರಾಂ ಒಮ್ಮೆ ಅರ್ಥವಿಲ್ಲದ ಅಂಕಿಗಳನ್ನು ತೋರಿಸುತ್ತದೆ, ಒಮ್ಮೆ ಸೆಗ್ಮೆಂಟೇಶನ್ ಫಾಲ್ಟ್ ಎಂದು ನಿಂತುಬಿಡುತ್ತದೆ, ಇನ್ನೊಮ್ಮೆ ಸರಿಯಿರುವಂತೆಯೇ ಕಾಣಿಸುತ್ತದೆ. ‘ಸರ್, ನಿನ್ನೆ ರನ್ ಆಗಿತ್ತು, ಇವತ್ತು ಆಗ್ತಿಲ್ಲ’ ಎಂದು ವಿದ್ಯಾರ್ಥಿಯೊಬ್ಬಳು ಲ್ಯಾಬಿನಲ್ಲಿ ಹೇಳಿದಾಗ ನಾನು ಉತ್ತರ ಹೇಳದೆ, ಹಾಳೆಯ ಮೇಲೆ ಪ್ರತಿ ನೋಡಿಗೂ ಒಂದು ಚೌಕ ಬರೆದು, ಪ್ರತಿ ಸಾಲು ನಡೆದಾಗ ಬಾಣ ಎತ್ತ ತಿರುಗುತ್ತದೆಂದು ಗುರುತಿಸಲು ಹೇಳಿದೆ. ಎರಡನೆಯ ಹಾಳೆ ತುಂಬುವ ಹೊತ್ತಿಗೆ ಹೆಡ್‌ನ ಬಾಣ ಅಳಿಸಿಹೋದ ಚೌಕದತ್ತಲೇ ಉಳಿದಿರುವುದು ಅವಳ ಕಣ್ಣಿಗೆ ಬಿತ್ತು. ಹೊಸ ಹೆಡ್ಡನ್ನು ಫಂಕ್ಷನ್ನಿನಿಂದ ಹಿಂದಿರುಗಿಸಬೇಕೆಂಬುದನ್ನು ತಾನೇ ಕಂಡುಕೊಂಡಳು. ಸಿದ್ಧ ಉತ್ತರದಲ್ಲಿ ಆ ಸಾಲು ಮೊದಲೇ ಇರುತ್ತದೆ, ಆದರೆ ಅದು ಅಲ್ಲಿ ಏಕಿದೆ ಎಂಬುದು ನಕಲು ಮಾಡಿದವರಿಗೆ ತಿಳಿಯುವುದಿಲ್ಲ. ಸಂದರ್ಶನದಲ್ಲಿ ನಾವು ಕೇಳುವುದು ನಿಖರವಾಗಿ ಅದನ್ನೇ.

ಪಿ.ಯು.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರ ಕಷ್ಟವನ್ನೂ ಇಲ್ಲಿ ಹೇಳಲೇಬೇಕು. ಇಂಗ್ಲಿಷ್ ಪಠ್ಯ ಅರ್ಥವಾಗದೆ, ಅದನ್ನು ತಮ್ಮ ಬುದ್ಧಿಯ ಕೊರತೆಯೆಂದು ತಿಳಿದು, ಉರುಹೊಡೆಯಲು ತೊಡಗುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಅವರಿಗೆ ನಾನು ಹೇಳುವ ಕ್ರಮ ಇದು: ಪ್ರೋಗ್ರಾಮಿನ ಒಂದೊಂದು ಸಾಲೂ ಏನು ಮಾಡುತ್ತದೆಂದು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಆಮೇಲೆ ಅದೇ ಮಾತನ್ನು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಪರೀಕ್ಷೆಗೆ ಆ ಇಂಗ್ಲಿಷ್ ಧಾರಾಳವಾಗಿ ಸಾಕು. ಮನೆಯಲ್ಲಿ ಕೂರಲು ಜಾಗವಿಲ್ಲದಿದ್ದರೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯವಿದೆ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಇಬ್ಬರು ಮೂವರು ಸೇರಿ ಓದಿದರೆ ಇನ್ನೂ ಒಳ್ಳೆಯದು.

ಕೊನೆಯ ಹಂತದ ಪ್ರಾಜೆಕ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ದುಡ್ಡು ಕೊಟ್ಟು ತಂದ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂಗಿಂತ ನೀವು ದುಡಿಯುವ ಜಾಗದ ಯಾವುದಾದರೂ ನಿಜವಾದ ತೊಡಕನ್ನೇ ವಿಷಯವಾಗಿ ಆರಿಸಿಕೊಳ್ಳಿ. ಔಷಧಿ ಅಂಗಡಿಯಲ್ಲಿರುವವರು ಅವಧಿ ಮುಗಿಯಲಿರುವ ಮಾತ್ರೆಗಳ ಪಟ್ಟಿಯನ್ನು ತಿಂಗಳ ಮೊದಲೇ ತೋರಿಸುವ ಪ್ರೋಗ್ರಾಂ ಬರೆಯಬಹುದು. ಒಂದೇ ಮಾತ್ರೆ ಬೇರೆಬೇರೆ ಬ್ಯಾಚುಗಳಲ್ಲಿ ಬೇರೆಬೇರೆ ಅವಧಿಯೊಂದಿಗೆ ಬರುವುದರಿಂದ ಬ್ಯಾಚಿಗೆ ಡೇಟಾಬೇಸಿನಲ್ಲಿ ಪ್ರತ್ಯೇಕ ಟೇಬಲ್ ಬೇಕೆಂದು ಆ ಕೌಂಟರಿನಲ್ಲಿ ನಿಂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮತ್ತು ವೈವಾದಲ್ಲಿ ಪರೀಕ್ಷಕರು ಆ ಟೇಬಲ್ ಏಕೆ ಎಂದು ಕೇಳಿದರೆ ಅವರು ತಡವರಿಸುವುದೂ ಇಲ್ಲ.