ಬೇಸಿಗೆ ಪ್ರಾಜೆಕ್ಟು ಯಾರ್ದು, ಮಗೂದಾ ಮಮ್ಮೀದಾ?

ಮೇ ತಿಂಗಳ ಕೊನೇ ವಾರ ಯಾವ್ದಾದ್ರೂ ಸ್ಟೇಷನರಿ ಅಂಗಡಿ ಮುಂದೆ ನಿಂತು ನೋಡಿ. ಥರ್ಮಾಕೋಲು, ಚಾರ್ಟು, ಗ್ಲಿಟರ್ ಪೆನ್ನು ಎಲ್ಲಾ ಖಾಲಿ ಆಗ್ತಾ ಇರುತ್ತೆ, ಕೊಳ್ಳೋರು ಮಾತ್ರ ಅಪ್ಪ ಅಮ್ಮಂದಿರು, ಮಕ್ಕಳು ಪಕ್ಕದಲ್ಲಿ ಐಸ್‌ಕ್ಯಾಂಡಿ ಚೀಪ್ತಾ ನಿಂತಿರ್ತವೆ. ಸೋಲಾರ್ ಸಿಸ್ಟಮ್ ಮಾಡಿ ಅಂತ ಟೀಚರ್ ಹೇಳಿದ್ದಾರೆ, ಮುಗೀತು. ಟಾಪಿಕ್ಕನ್ನ ಮಕ್ಕಳೇ ಆರಿಸ್ಲಿ ಅಂತ ಈಗ ಕೆಲವು ಪೇರೆಂಟ್ಸ್ ಕೇಳ್ತಿದ್ದಾರಲ್ಲ, ಆ ಜಗಳಕ್ಕೆ ನೂರು ವರ್ಷದ ಮೇಲಾಯ್ತು.

ಮನೇಲಿ ಮಾಡೋ ಪ್ರಾಜೆಕ್ಟು ಹೆಸರಾಗಿದ್ದು ಹೊಲದಲ್ಲಿ ಅಂದ್ರೆ ನಂಬ್ತೀರಾ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೂಫಸ್ ಸ್ಟಿಮ್ಸನ್ ಅಂತ ಒಬ್ರು, 1908ರಲ್ಲಿ ಅಲ್ಲಿನ ಒಂದು ಕೃಷಿ ಶಾಲೆಗೆ ಬಂದವ್ರು, ಹುಡುಗರು ಮನೆ ಜಮೀನಲ್ಲೇ ಏನಾದ್ರೂ ಬೆಳೆದು, ಖರ್ಚು ಲಾಭದ ಲೆಕ್ಕ ಬರೆದು ತರ್ಲಿ ಅಂದ್ರು, ಅದೇ 'ಹೋಮ್ ಪ್ರಾಜೆಕ್ಟ್'. ಬೆಳೆ ಇರೋ ಟೈಮಲ್ಲೇ ಕೆಲ್ಸ. ಅದು ಎಷ್ಟು ಹಿಡೀತು ಅಂದ್ರೆ 1917ರಲ್ಲಿ ಅಮೆರಿಕ ಸರ್ಕಾರ ತಂದ ಸ್ಮಿತ್-ಹ್ಯೂಸ್ ಕಾಯ್ದೆಯಲ್ಲಿ ಕೃಷಿ ಓದೋ ಹುಡುಗರಿಗೆ ವರ್ಷಕ್ಕೆ ಕನಿಷ್ಠ ಆರು ತಿಂಗಳು ಹೊಲದ ಪ್ರಾಕ್ಟೀಸ್ ಇರ್ಲೇಬೇಕು ಅಂತ ಬರೆದೇ ಬಿಟ್ರು. ಹಸು ಆಗ್ಲಿ ಆಲೂಗಡ್ಡೆ ಆಗ್ಲಿ, ಅಂಗಡಿಯಿಂದ ರೆಡಿಮೇಡ್ ತಂದು ತೋರ್ಸಕ್ಕಾಗಲ್ಲ ನೋಡಿ.

ಮರುವರ್ಷ 1918ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ವಿಲಿಯಂ ಕಿಲ್‌ಪ್ಯಾಟ್ರಿಕ್ 'ಪ್ರಾಜೆಕ್ಟ್ ಮೆಥಡ್' ಅಂತ ಲೇಖನ ಬರೆದ್ರು. ಉದ್ದೇಶ, ಪ್ಲಾನು, ಮಾಡೋದು, ಕೊನೆಗೆ ಚೆನ್ನಾಗಾಯ್ತಾ ಅಂತ ತೂಗೋದು, ನಾಲ್ಕೂ ಆದಷ್ಟು ಮಗೂದೇ ಆಗಿರ್ಬೇಕು, ಮನಸ್ಸಿಟ್ಟು ಮಾಡಿದ್ರೇನೆ ಅದು ಪ್ರಾಜೆಕ್ಟು ಅನ್ನೋ ವಾದ. ತಮಾಷೆ ಅಂದ್ರೆ ಇವ್ರ ಗುರು, ದೊಡ್ಡ ಶಿಕ್ಷಣ ಚಿಂತಕ ಜಾನ್ ಡ್ಯೂಯಿನೇ 1931ರಲ್ಲಿ ತಕರಾರು ತೆಗೆದ್ರು: ಎಷ್ಟೋ ಪ್ರಾಜೆಕ್ಟುಗಳು ನಾಲ್ಕು ದಿನದಲ್ಲಿ ಮುಗಿಯೋ ಪುಟಗೋಸಿ ಕೆಲ್ಸ, ಅದ್ರಿಂದ ಕಲಿಯೋದು ಏನಿಲ್ಲ ಅಂತ. ಇಬ್ರೂ ಸರಿ ಅನ್ಸುತ್ತೆ ನಂಗೆ.

ನಮ್ಮಲ್ಲಿ 1993ರ ಯಶಪಾಲ್ ಸಮಿತಿ ಓದಿನ ಹೊರೆ ಬಗ್ಗೆ ಗಟ್ಟಿಯಾಗೇ ಮಾತಾಡ್ತು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆ ಹೊರಗಿನ ಬದುಕಿಗೂ ಪಾಠಕ್ಕೂ ಗಂಟು ಹಾಕಿ ಅಂತು. 2009ರಲ್ಲಿ ಸಿಬಿಎಸ್‌ಇ ಸಿಸಿಇ, ಅಂದ್ರೆ ಪರೀಕ್ಷೆ ಒಂದೇ ಅಲ್ದೆ ವರ್ಷವಿಡೀ ಮಗೂನ ಅಳೆಯೋ ಪದ್ಧತಿ, ತಂದಾಗ ಪ್ರಾಜೆಕ್ಟಿಗೆ ಮಾರ್ಕ್ಸ್ ಬಂತು. ಕೆಟ್ಟಿದ್ದು ಅಲ್ಲೇ! ಮಾರ್ಕ್ಸ್ ಬಂದ ಮೇಲೆ ಟಾಪಿಕ್ ಮಗೂನೇ ಆರಿಸಿದ್ರೂ ಅಷ್ಟೇ, ನೀಟಾಗಿ ಕಾಣೋದನ್ನೇ ಆರಿಸುತ್ತೆ, ಇಲ್ಲಾಂದ್ರೆ ಅಮ್ಮ ಆರಿಸ್ತಾಳೆ.

ಚೆನ್ನಾಗಿ ನಡೆದಿರೋದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. 1993ರಿಂದ ನಡೀತಿರೋ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ, ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಪರಿಷತ್ತು ನಡೆಸ್ತಾ ಬಂದಿರೋದು. ಮುಖ್ಯ ವಿಷಯ ಮೇಲಿಂದ ಬರುತ್ತೆ, ಉದಾಹರಣೆಗೆ 2012-13ರಲ್ಲಿ ಶಕ್ತಿ. ಆದ್ರೆ ಪ್ರಶ್ನೆ ಮಕ್ಕಳದ್ದು, ಅವ್ರ ಊರಿಂದು, ಹತ್ರಿಂದ ಹದಿನೇಳು ವರ್ಷದವ್ರು ಮನೆಮನೆ ತಿರುಗಿ ಯಾರ ಒಲೆಗೆ ಎಷ್ಟು ಸೌದೆ ಅಂತ ಲೆಕ್ಕ ಹಾಕ್ಬೋದು. ಪೂರ್ತಿ ಖಾಲಿ ಹಾಳೆ ಕೊಟ್ಟು 'ಏನಾದ್ರೂ ಮಾಡು' ಅಂದ್ರೆ ಬಹಳ ಮಕ್ಕಳು ಕಕ್ಕಾಬಿಕ್ಕಿ ಆಗ್ತಾರೆ, ಹಿಂಗೆ ಬೇಲಿ ಹಾಕಿ ಒಳಗೆ ಬಿಟ್ರೆ ಓಡಾಡ್ತಾರೆ.

ರಜೇಲಿ ಅಜ್ಜಿ ಊರಿಗೆ ಹೋದ ಮಗು 'ಈ ಬಾವಿ ಯಾಕೆ ಬತ್ತು' ಅಂತ ಕೇಳ್ಕೊಂಡು ಬಂದ್ರೆ ಅದಕ್ಕಿಂತ ಪ್ರಾಜೆಕ್ಟ್ ಬೇಕಾ? ಆದ್ರೆ ಜೂನ್‌ನಲ್ಲಿ ಐವತ್ತು ಮಕ್ಕಳು ಐವತ್ತು ಥರ ತಂದ್ರೆ ಓದಿ ನೋಡೋರು ಒಬ್ರೇ ಟೀಚರ್ರು, ಅದ್ರ ಮೇಲೆ ಗಣತಿ ಕೆಲ್ಸ ಬೇರೆ. ಎಲ್ರಿಗೂ ಒಂದೇ ಸೋಲಾರ್ ಸಿಸ್ಟಮ್ ಯಾಕೆ ಅಂತ ಕೇಳಿದ್ರೆ, ಅರ್ಧ ಉತ್ರ ಅಲ್ಲಿದೆ.